ಫೋನ್ ಜೇಬಿನಲ್ಲೇ ಇತ್ತು, ಆದರೂ ಅವರು ಯಾರೆಂದು ಗೊತ್ತಾಗಲಿಲ್ಲ

ಸೈಕಲ್ ತುಳಿಯುವವರು, ಬೆಳಗಿನ ಜಾವ ಊರಾಚೆ ಓಡುವವರು, ಚಾರಣಕ್ಕೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಹೆಸರು, ಮನೆಯವರ ನಂಬರ್, ನೀವು ತಗೊಳ್ಳುವ ಮಾತ್ರೆ, ಇಷ್ಟು ನಿಮ್ಮ ಮೈಮೇಲೆ ಬರೆದಿರಬೇಕು. ಫೋನಿನೊಳಗೆ ಇದ್ದರೆ ಸಾಲದು.

ನಂದಿ ಬೆಟ್ಟ ಹತ್ತುವುದು ಕಷ್ಟ, ಆದರೆ ಅಪಾಯ ಇರುವುದು ಇಳಿಯುವಾಗ. ಮಂಜಿಗೆ ರಸ್ತೆ ಒದ್ದೆ, ತಿರುವಿನ ಮೇಲೆ ತಿರುವು. ಅವತ್ತು ನಮ್ಮ ಗುಂಪು ಇಳಿದು ಬರುವಾಗ ಒಂದು ತಿರುವಿನಲ್ಲಿ ಒಬ್ಬರು ಬಿದ್ದಿದ್ದರು. ನಮ್ಮವರಲ್ಲ, ಒಬ್ಬರೇ ಬಂದಿದ್ದವರು. ವಯಸ್ಸು ಐವತ್ತರ ಆಸುಪಾಸು. ಹೆಲ್ಮೆಟ್ ಸೀಳಿತ್ತು. ಉಸಿರಾಡುತ್ತಿದ್ದರು, ಕೂಗಿ ಕರೆದರೂ ಓಗೊಡುತ್ತಿರಲಿಲ್ಲ. ಕುತ್ತಿಗೆಗೆ ಪೆಟ್ಟಾಗಿದ್ದೀತು ಅಂತ ಅಲುಗಾಡಿಸದೆ 108ಕ್ಕೆ ಫೋನ್ ಮಾಡಿದೆವು.

ಜರ್ಸಿಯ ಹಿಂದಿನ ಜೇಬಿನಲ್ಲಿ ಸಿಕ್ಕಿದ್ದು ಒಂದು ಬಾಳೆಹಣ್ಣು, ನೂರರ ಎರಡು ನೋಟು, ಪರದೆ ಒಡೆದ ಫೋನು. ಪರ್ಸ್ ಇಲ್ಲ. ಭಾರ ಅಂತ ಸೈಕಲ್‌ನವರು ಪರ್ಸ್ ತರುವುದು ಕಡಿಮೆ. ಆ ಫೋನು ಆಗಾಗ ನಡುಗುತ್ತಿತ್ತು. ಯಾರೋ ಕರೆ ಮಾಡುತ್ತಿದ್ದಾರೆ, ಆದರೆ ಪರದೆ ಪೂರ್ತಿ ಕಪ್ಪು, ಎತ್ತಲು ಆಗುತ್ತಿಲ್ಲ. ಸಿಮ್ ತೆಗೆದು ನಮ್ಮ ಫೋನಿಗೆ ಹಾಕೋಣ ಅಂತ ಪಿನ್ನು ಹುಡುಕಿ ಟ್ರೇ ಎಳೆದರೆ ಅದು ಖಾಲಿ. ಇ-ಸಿಮ್, ಅಂದರೆ ಫೋನಿನೊಳಗೇ ಸೇರಿಕೊಂಡಿರುವ, ತೆಗೆಯಲು ಬಾರದ ಸಿಮ್.

ಆಸ್ಪತ್ರೆಯ ಚೀಟಿಯಲ್ಲಿ ‘ಅಪರಿಚಿತ, ಗಂಡು, ಸುಮಾರು 50’ ಅಂತ ಬರೆದರು. ಡಾಕ್ಟರು ಒಂದರ ಹಿಂದೆ ಒಂದು ಕೇಳಿದರು. ಶುಗರ್ ಇದೆಯಾ? ಬಿಪಿ? ಯಾವುದಾದರೂ ಔಷಧಿ ಆಗಿಬರಲ್ವಾ? ದಿನಾ ಏನು ಮಾತ್ರೆ ತಗೊಳ್ತಾರೆ? ನಮಗೆ ಅವರ ಹೆಸರೇ ಗೊತ್ತಿರಲಿಲ್ಲ. ಒಂದು ಮಾತು ಹೇಳಲೇಬೇಕು, ಯಾರ ಸಹಿಗೂ ಕಾಯದೆ ಸ್ಕ್ಯಾನ್ ಮಾಡಿದರು, ಚಿಕಿತ್ಸೆ ಶುರು ಮಾಡಿದರು. ಅವರ ಕೈಲಿ ಆಗುವುದೆಲ್ಲ ಮಾಡಿದರು.

ಸೈಕಲ್ ಮೇಲೆ ಅಂಗಡಿಯೊಂದರ ಸ್ಟಿಕ್ಕರ್ ಇತ್ತು. ಭಾನುವಾರ, ಅಂಗಡಿ ತೆರೆಯುವ ಹೊತ್ತಿಗೆ ಹನ್ನೊಂದು ಗಂಟೆ. ಫೋಟೋ ಕಳಿಸಿದ ತಕ್ಷಣ ಮಾಲೀಕರು ಸೈಕಲ್ ಗುರುತು ಹಿಡಿದರು. ಆದರೆ ಅವರ ಹತ್ತಿರ ಇದ್ದದ್ದು ಅದೇ ಒಡೆದ ಫೋನಿನ ನಂಬರ್! ಅಲ್ಲಿಂದ ಅವರ ಪರಿಚಯದವರು, ಅವರಿಂದ ಹೆಂಡತಿಯ ನಂಬರ್. ಆಕೆ ನಮ್ಮ ಕರೆ ಎರಡು ಸಲ ಕತ್ತರಿಸಿದರು. ಗೊತ್ತಿಲ್ಲದ ನಂಬರ್, ಸಾಲ ಬೇಕಾ ಅನ್ನುವವರ ಕಾಟ ಬೇರೆ. ಅದೂ ಅಲ್ಲದೆ ಆಕೆ ಬೆಳಿಗ್ಗೆಯಿಂದ ಗಂಡನಿಗೇ ಫೋನ್ ಮಾಡುತ್ತಿದ್ದರು. ಮೆಸೇಜ್ ಹಾಕಿದ ಮೇಲೆ ಎತ್ತಿದರು.

ಬಂದವರೇ ಹೇಳಿದ ಮೊದಲ ಮಾತು: “ಡಾಕ್ಟ್ರೇ, ಅವರು ರಕ್ತ ತೆಳುವಾಗೋ ಮಾತ್ರೆ ತಗೊಳ್ತಾರೆ.” ಹೃದಯ ಬಡಿತ ಏರುಪೇರಾಗುತ್ತಿತ್ತು, ಅದಕ್ಕೆ ವಾರ್ಫರಿನ್. ಅಷ್ಟರಲ್ಲಿ ತಲೆಯೊಳಗಿನ ರಕ್ತಸ್ರಾವ ಜಾಸ್ತಿಯಾಗಿತ್ತು. ಆ ಮಾತ್ರೆಯ ಪರಿಣಾಮ ಇಳಿಸಲು ವಿಟಮಿನ್ ಕೆಯಂಥ ಮದ್ದು ಇದೆ. ಬೇಗ ಗೊತ್ತಾದಷ್ಟೂ ಒಳ್ಳೆಯದು. ಅವರು ಬದುಕಿದರು. ಎಡಗೈ ಮಾತ್ರ ಈಗಲೂ ಪೂರ್ತಿ ಎತ್ತಲಾರರು. ‘ವಾರ್ಫರಿನ್’ ಅನ್ನುವ ಒಂದು ಪದ ಅವರ ಮಣಿಕಟ್ಟಿನಲ್ಲಿ ಇರಬೇಕಿತ್ತು ಅಂತ ನನಗೆ ಇನ್ನೂ ಸಂಕಟ ಆಗುತ್ತದೆ.

ತುಂಬಾ ಜನ ಬ್ಲಡ್ ಗ್ರೂಪ್ ಬರೆದುಕೊಂಡರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅದನ್ನು ನಂಬಿ ಆಸ್ಪತ್ರೆಯವರು ರಕ್ತ ಕೊಡುವುದಿಲ್ಲ, ತಾವೇ ಪರೀಕ್ಷೆ ಮಾಡುತ್ತಾರೆ. ಬಾಂಬೆ ಗ್ರೂಪಿನವರು ಮಾತ್ರ ತಪ್ಪದೆ ಬರೆಯಿರಿ. 1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ ಈ ಗುಂಪಿನವರಿಗೆ ಓ ಗುಂಪಿನ ರಕ್ತವೂ ಹೊಂದುವುದಿಲ್ಲ, ಹುಡುಕಲು ಸಮಯ ಬೇಕು. ಉಳಿದವರಿಗೆ ಅದಕ್ಕಿಂತ ಮುಖ್ಯ ಮಾತ್ರೆ, ಅಲರ್ಜಿ, ಮೂರ್ಛೆ ರೋಗ, ಇನ್ಸುಲಿನ್. ಶುಗರ್ ತೀರಾ ಇಳಿದವರು ತೂರಾಡುತ್ತಾರೆ, ಮಾತು ತೊದಲುತ್ತದೆ. ರಸ್ತೆಯಲ್ಲಿ ನೋಡಿದವರು ಕುಡಿದಿದ್ದಾರೆ ಅಂತ ಪಕ್ಕಕ್ಕೆ ಹೋಗಿಬಿಡುತ್ತಾರೆ.

ಎಲ್ಲಿ ಇಡಬೇಕು ಅನ್ನುವುದೂ ಯೋಚಿಸಬೇಕಾದದ್ದೇ. ಹೆಲ್ಮೆಟ್ ಬಿಚ್ಚಿದರೆ ರಸ್ತೆಯಲ್ಲೇ ಉಳಿಯುತ್ತದೆ, ಚಾರಣದ ಬ್ಯಾಗು ಇನ್ಯಾರದೋ ಹೆಗಲಿಗೆ ಹೋಗುತ್ತದೆ. ಮಣಿಕಟ್ಟಿನ ಪಟ್ಟಿ ಅಥವಾ ಕತ್ತಿನ ಬಿಲ್ಲೆ ಒಳ್ಳೆಯದು. ನೇಮ್ ಪ್ಲೇಟ್ ಮಾಡುವ ಅಂಗಡಿಯಲ್ಲಿ ಚಿಕ್ಕ ಸ್ಟೀಲ್ ತಗಡಿನ ಮೇಲೆ ಕೊರೆಸಬಹುದು. ಅಷ್ಟು ಬೇಡ ಅಂದರೆ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸಿ. ಮೊದಲು ಓಡಿಬರುವುದು ಹೊಲದಲ್ಲಿದ್ದ ರೈತ ಇರಬಹುದು, ಆಮೇಲೆ ನೋಡುವವರು ಬೇರೆ ರಾಜ್ಯದ ಡಾಕ್ಟರ್ ಇರಬಹುದು. ಬರೀ ಕ್ಯೂಆರ್ ಕೋಡ್ ಇರುವ ಪಟ್ಟಿ ನಂಬಬೇಡಿ. ಕುಮಾರ ಪರ್ವತದಂಥ ಕಾಡಿನಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು?

ನಂಬರ್ ಎರಡು ಇರಲಿ. ಎರಡೂ ನಿಮ್ಮ ಜೊತೆ ಬರದವರದ್ದು, ಗೊತ್ತಿಲ್ಲದ ಕರೆಯನ್ನೂ ಎತ್ತುವವರದ್ದು. ಮನೆಯಲ್ಲಿ ಈ ಮಾತು ಮೊದಲೇ ಆಡಿಟ್ಟುಕೊಳ್ಳಿ. ಮ್ಯಾರಥಾನ್ ಓಡುವವರು ಎದೆಗೆ ಚುಚ್ಚುವ ನಂಬರ್ ಚೀಟಿಯ ಹಿಂದೆ ಇದನ್ನೆಲ್ಲ ಬರೆಯಲು ಜಾಗ ಇರುತ್ತದೆ, ಖಾಲಿ ಬಿಡಬೇಡಿ.

ಫೋನಿನಲ್ಲೂ ಹಾಕಿಡಿ, ಒಡೆಯದೆ ಉಳಿದರೆ ಉಪಯೋಗಕ್ಕೆ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಎಮರ್ಜೆನ್ಸಿ ಭಾಗ, ಐಫೋನಿನಲ್ಲಿ ಹೆಲ್ತ್ ಆ್ಯಪ್‌ನ ಮೆಡಿಕಲ್ ಐಡಿ. ಲಾಕ್ ಇದ್ದಾಗಲೂ ಕಾಣುವಂತೆ ಆಯ್ಕೆ ಮಾಡಬೇಕು. ಆಮೇಲೆ ಫೋನ್ ಲಾಕ್ ಮಾಡಿ ಮನೆಯವರ ಕೈಗೆ ಕೊಟ್ಟು, ಪಾಸ್‌ವರ್ಡ್ ಇಲ್ಲದೆ ಅದು ಅವರಿಗೆ ಕಾಣುತ್ತಾ ನೋಡಿ.

ಇನ್ನೊಂದು ಮಾತು. ಅವತ್ತು ಎಷ್ಟೋ ವಾಹನದವರು ನಿಧಾನ ಮಾಡಿ ನೋಡಿ ಹೊರಟುಹೋದರು. ಪೊಲೀಸ್, ಕೋರ್ಟು ಅಂತ ಭಯ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ಅದು ರಕ್ಷಣೆ ಕೊಡುತ್ತದೆ. ನಿಮ್ಮ ಹೆಸರು, ವಿಳಾಸ ಕೊಡಲೇಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಗಾಡಿ ನಿಲ್ಲಿಸಿ, ಬಿದ್ದವರ ಮಣಿಕಟ್ಟು, ಕತ್ತು ನೋಡಿ, ಅಲ್ಲಿ ಬರೆದಿರುವುದನ್ನು 108ರವರಿಗೆ ಓದಿ ಹೇಳಿ.