ಮೆಟಲ್ ಬೇಸ್‌ಗೆ ಸ್ಯಾನ್ಸ್‌ಆಂಪಾ, ಡಾರ್ಕ್‌ಗ್ಲಾಸಾ?

ಎರಡೂ ಬೇಸ್ ಗಿಟಾರಿನ ಸದ್ದನ್ನು ಒರಟು ಮಾಡುವ ಡ್ರೈವ್ ಪೆಡಲ್‌ಗಳು, ಅಂದರೆ ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆಗಳು. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಜಾಮ್ ರೂಮಿಗೆ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್, ಅದೂ ಎರಡನೇ ವರ್ಷನ್. ರೆಕಾರ್ಡಿಂಗ್‌ಗೆ ಡಾರ್ಕ್‌ಗ್ಲಾಸ್ ಬಿ7ಕೆ. ಗಿಟಾರಿನ ಡಿಸ್ಟಾರ್ಷನ್ ಪೆಡಲ್ಲನ್ನು ನೇರವಾಗಿ ಬೇಸ್‌ಗೆ ಚುಚ್ಚುವುದು ಮಾತ್ರ ಬೇಡ.

ನಾವು ಬಾರಿಸುವುದು ಕುವೆಂಪುನಗರದ ಒಂದು ಮನೆಯ ಮಹಡಿ ಮೇಲೆ. ಎರಡು ಗಿಟಾರ್, ಡ್ರಮ್ಸ್, ನನ್ನ ಬೇಸ್. ಟ್ಯೂನಿಂಗ್, ದಪ್ಪ ತಂತಿಯನ್ನು ಸಿ ಸ್ವರದವರೆಗೆ ಇಳಿಸಿದ ಡ್ರಾಪ್ ಸಿ. ಅಂದರೆ ನನ್ನ ದಪ್ಪ ತಂತಿ ಸುಮಾರು 33 ಹರ್ಟ್ಸ್, ಗಿಟಾರಿನದು ಅದರ ಎರಡರಷ್ಟು, 65ರ ಹತ್ತಿರ. ಅಲ್ಲಿರುವ ಸಣ್ಣ ಆಂಪ್‌ನಿಂದ ಆ 33 ಹೊರಗೆ ಬರುವುದೇ ಕಷ್ಟ. ಕಿವಿ ಬೇಸನ್ನು ಗುರುತು ಹಿಡಿಯುವುದು ಮೇಲಿನ ಹಾರ್ಮೋನಿಕ್‌ಗಳಿಂದ (ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಹರ್ಟ್ಸ್‌ನ ಸ್ವರಗಳು), ಅಲ್ವಾ? ಡ್ರೈವ್ ಪೆಡಲ್ ಹುಟ್ಟಿಸುವುದು ಅವನ್ನೇ.

ಗಿಟಾರ್ ಪೆಡಲ್ ಯಾಕೆ ಸೋಲುತ್ತದೆ ಅಂದರೆ, ಅಂಥ ಎಷ್ಟೋ ಪೆಡಲ್‌ಗಳು ಡಿಸ್ಟಾರ್ಟ್ ಮಾಡುವ ಮುಂಚೆಯೇ ಲೋ, ಅಂದರೆ ತಗ್ಗಿನ ಸದ್ದನ್ನು, ಕತ್ತರಿಸಿಬಿಡುತ್ತವೆ, ಗಿಟಾರಿಗೆ ಅದೇ ಬೇಕು. ಬೇಸ್‌ಗೆ ಹಾಕಿದರೆ ತಗಡಿನ ಡಬ್ಬಕ್ಕೆ ದುಂಬಿ ಸಿಕ್ಕಿಕೊಂಡ ಸದ್ದು.

ಸ್ಯಾನ್ಸ್‌ಆಂಪ್ ಮತ್ತು ಬಿ7ಕೆ ಎರಡರಲ್ಲೂ ಬ್ಲೆಂಡ್ ನಾಬ್ ಇದೆ. ಡ್ರೈವ್ ತಾಗದ ಕ್ಲೀನ್ ಸಿಗ್ನಲ್ ಜೊತೆಗೇ ಹರಿಯುತ್ತದೆ, ಬುಡ ಗಟ್ಟಿಯಾಗಿ ಉಳಿಯುತ್ತದೆ. ನಿಜವಾದ ವ್ಯತ್ಯಾಸ ಮಿಡ್‌ನಲ್ಲಿ, ಅಂದರೆ ನಡುವಿನ ಸದ್ದಿನಲ್ಲಿ. ಹಳೇ ಬೇಸ್ ಡ್ರೈವರ್‌ಗೆ ಮಿಡ್ ನಾಬೇ ಇರಲಿಲ್ಲ, ಅದರ ಹೆಸರಾಂತ ಸದ್ದೇ ನಡು ತಗ್ಗಿದ್ದು. ಒಬ್ಬರೇ ಕೂತು ಬಾರಿಸಿದರೆ ಮಜವಾಗಿರುತ್ತದೆ, ಎರಡು ಗಿಟಾರ್ ಶುರುವಾದ ತಕ್ಷಣ ಮಾಯ. ಎರಡನೇ ವರ್ಷನ್‌ನಲ್ಲಿ ಮಿಡ್ ನಾಬ್ ಬಂತು, ಪಕ್ಕದಲ್ಲಿ 500 ಅಥವಾ 1000 ಹರ್ಟ್ಸ್ ಆರಿಸುವ ಬಟನ್ನು. ನಾನು 1000ಕ್ಕೆ ಹಾಕಿ ಮಿಡ್ ನಾಬನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂದು ಗಂಟೆ ದಾಟಿಸುತ್ತೇನೆ, ಡ್ರೈವ್ ಹನ್ನೊಂದು ಗಂಟೆಯಲ್ಲೇ ಸಾಕು, ಅದಕ್ಕಿಂತ ಜಾಸ್ತಿ ಮಾಡಿದರೆ ತಂತಿಗೆ ಪಿಕ್ ತಾಗುವ ಆ ‘ಟಕ್’ ಅನ್ನುವ ಏಟೇ ಸತ್ತುಹೋಗುತ್ತದೆ. ತಗ್ಗಿನ ಸದ್ದಿನ ಬೇಸ್ ಬಟನ್ 80 ಹರ್ಟ್ಸ್‌ನಲ್ಲಿ ಇಟ್ಟು ನಾಬ್ ಏರಿಸಿದೆವೋ, ಯಾರೂ ಮುಟ್ಟದಿದ್ದರೂ ಸ್ನೇರ್ ಡ್ರಮ್ಮಿನ ಕೆಳಗಿನ ತಂತಿ ಜುಂಯ್ ಅನ್ನುತ್ತದೆ, ಕೆಳಗಡೆ ಮನೆ ಆಂಟಿಯ ಕಿಟಕಿ ಗಾಜೂ ಕೂಡ. ಅವರಿಗೆ ನಮ್ಮ ಮೇಲೆ ಮೊದಲೇ ಅಷ್ಟಕ್ಕಷ್ಟೆ.

ಫಿನ್ಲೆಂಡಿನ ಡಾರ್ಕ್‌ಗ್ಲಾಸ್ ಬೇರೆ ಜಾತಿ. ಇದರಲ್ಲಿ ಲೋ ಮಿಡ್, ಹೈ ಮಿಡ್ ಬೇರೆ ಬೇರೆ. ಡ್ರೈವ್‌ಗೆ ಹೋಗುವ ಹೈ ಎಷ್ಟು ಅಂತ ಅಟ್ಯಾಕ್ ಸ್ವಿಚ್, ಲೋ ಎಷ್ಟು ಅಂತ ಗ್ರಂಟ್ ಸ್ವಿಚ್. ಡ್ರಾಪ್ ಸಿಯಲ್ಲಿ ಗ್ರಂಟ್ ಕಡಿಮೆ ಇಟ್ಟರೆ ಒಂದೊಂದು ನೋಟೂ ಬಿಡಿಬಿಡಿಯಾಗಿ ಕೇಳುತ್ತದೆ, ಡಬಲ್ ಬೇಸ್ ಡ್ರಮ್ ಓಡುವಾಗಲೂ. ಹೆಡ್‌ಫೋನಿನಲ್ಲಿ ಕೇಳಿದರೆ ಇದನ್ನು ಬಿಟ್ಟು ಇನ್ನೊಂದು ಬೇಡ ಅನ್ನಿಸುತ್ತದೆ. ಆದರೆ ಕಾಂಕ್ರೀಟು ಗೋಡೆಯ ಪುಟ್ಟ ರೂಮಿನಲ್ಲಿ ಆ ಮೇಲಿನ ಕರ್ಕಶ ಸಿಂಬಲ್ ಜೊತೆ ಜಗಳಕ್ಕೆ ನಿಲ್ಲುತ್ತದೆ. ಟ್ರೆಬಲ್ ಇಳಿಸಿ, ಅಟ್ಯಾಕ್ ಇಳಿಸಿ, ಕೊನೆಗೆ ಇಷ್ಟಪಟ್ಟ ಗುಣವೇ ಹೋಯಿತು.

ಸ್ಯಾನ್ಸ್‌ಆಂಪ್ ಪರವಾಗಿ ಇನ್ನೊಂದು ಸಣ್ಣ ವಿಷಯ. ಮಿಕ್ಸರಿನ ಫ್ಯಾಂಟಮ್ ಪವರ್‌ನಲ್ಲೇ, ಅಂದರೆ ಸದ್ದಿನ ಕೇಬಲ್ಲಿನಲ್ಲೇ ಬರುವ ಕರೆಂಟಿನಲ್ಲಿ, ನಡೆಯುತ್ತದೆ, ಅಡಾಪ್ಟರ್ ಬೇಕಿಲ್ಲ. ರೂಮಿನಲ್ಲಿರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಬ್ಬರು ಗಿಟಾರಿಸ್ಟ್‌ಗಳು ಹೊಡೆದಾಡುವಾಗ ನಾನು ಸುಮ್ನೆ ಕೂತಿರಬಹುದು.

ಪಿಕ್ಕಾ ಬೆರಳಾ ಅನ್ನುವ ಜಗಳಕ್ಕೆ ಹೋಗಲ್ಲ. ಐರನ್ ಮೇಡನ್ನಿನ ಸ್ಟೀವ್ ಹ್ಯಾರಿಸ್ ಬೆರಳಲ್ಲೇ, ಅದೂ ಮೇಲ್ಮೈ ನುಣುಪಾದ, ಸದ್ದು ಮಂದವಾದ ಫ್ಲ್ಯಾಟ್‌ವೂಂಡ್ ತಂತಿ ಮೇಲೆ, ಅಷ್ಟು ಖಡಕ್ಕಾಗಿ ಬಾರಿಸುತ್ತಾರೆ. ನನ್ನ ಬೆರಳಿಗೆ ಆ ವೇಗ ಇಲ್ಲ, ಹಾಗಾಗಿ ದಪ್ಪ ಪಿಕ್.

ಪೆಡಲ್‌ಗೆ ದುಡ್ಡಿಲ್ಲದವರು ಮೊದಲು ಮೇಲ್ಮೈ ಒರಟಾದ ಸ್ಟೀಲ್ ರೌಂಡ್‌ವೂಂಡ್ ತಂತಿ ಹೊಸದಾಗಿ ಹಾಕಿಸಿ, ಆಂಪಿನ ಮಿಡ್ ನಾಬ್ ಏರಿಸಿ, ಬೇಸ್ ನಾಬ್ ಇಳಿಸಿ, ಬ್ರಿಡ್ಜ್ ಹತ್ತಿರ ಬಾರಿಸಿ ನೋಡಿ. ಗಿಟಾರಿಸ್ಟ್‌ಗೂ ಅವನ ಆಂಪಿನ ಬೇಸ್ ಸ್ವಲ್ಪ ಇಳಿಸೋಕೆ ಹೇಳಿ. ಒಪ್ಪುವುದು ಕಷ್ಟ, ಆದರೂ ಹೇಳಿ.