ಜಿಸಿಎಲ್ ಹಾಸಿ ಕೊಳ ಕಟ್ಟುವವರೇ, ಡೇಟಾಶೀಟ್‌ನ ಅಂಕಿ ನೋಡಿ ಸಹಿ ಹಾಕಬೇಡಿ

ತ್ಯಾಜ್ಯನೀರಿನ ಕೊಳಕ್ಕೋ ಕಸ ಹೂಳುವ ಲ್ಯಾಂಡ್‌ಫಿಲ್‌ಗೋ ಜಿಯೋಸಿಂಥೆಟಿಕ್ ಕ್ಲೇ ಲೈನರ್, ಅಂದರೆ ಜಿಸಿಎಲ್, ಹಾಸುವ ಯೋಚನೆ ಇದ್ದರೆ ಆರ್ಡರ್ ಕೊಡುವ ಮುಂಚೆ ಇದನ್ನು ಓದಿ. ಎರಡು ಬಟ್ಟೆ ಪದರಗಳ ನಡುವೆ ಬೆಂಟೋನೈಟ್ ಎಂಬ, ನೆನೆದರೆ ಉಬ್ಬಿ ಸೋರಿಕೆ ತಡೆಯುವ ಜೇಡಿಯನ್ನು ತುಂಬಿದ ಹಾಸು ಇದು. ಡೇಟಾಶೀಟ್‌ನಲ್ಲಿ ಅಚ್ಚಾಗಿರುವ ಪರ್ಮಿಯಬಿಲಿಟಿ, ಅಂದರೆ ನೀರು ಎಷ್ಟು ಸುಲಭವಾಗಿ ಹಾಯುತ್ತದೆ ಎಂಬ ಅಂಕಿ, ಶುದ್ಧ ನೀರು ಹಾಯಿಸಿ ಅಳೆದದ್ದು. ನಿಮ್ಮ ಕೊಳದಲ್ಲಿ ನಿಲ್ಲುವುದು ಬೇರೆಯೇ ನೀರು. ಡಿಸೈನ್ ಮಾಡಿಕೊಟ್ಟ ಕನ್ಸಲ್ಟೆಂಟ್ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ನಾನು ಕೆಲಸ ಮಾಡುತ್ತಿದ್ದ ಯೋಜನೆಯಲ್ಲಿ ತುಂಬಿದ ಕೊಳವನ್ನು ಖಾಲಿ ಮಾಡಿ, ಲೈನರ್ ಪೂರ್ತಿ ಕಿತ್ತು, ಹೊಸದಾಗಿ ಕಟ್ಟಬೇಕಾಯಿತು.

ಕಾರ್ಖಾನೆಯ ಆಮ್ಲನೀರಿಗೆ ಸುಣ್ಣ ಹಾಕಿ ಶಮನಗೊಳಿಸಿದ ಮೇಲೆ ಅದನ್ನು ಹಿಡಿದಿಡುವ ಕೊಳ ಅದು. ಅಂಥ ನೀರಿನಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ತಳದಲ್ಲಿ ಜಿಸಿಎಲ್ ಒಂದೇ ಪದರ, ಮೇಲೆ ತೆಳ್ಳಗೆ ಕವರ್ ಮಣ್ಣು. ಜಿಯೋಮೆಂಬ್ರೇನ್ (ನೀರು ಬಿಡದ ಪ್ಲಾಸ್ಟಿಕ್ ಶೀಟ್) ಬೇಡ, ಅರವತ್ತು ಸೆಂಟಿಮೀಟರ್ ಜೇಡಿಮಣ್ಣಿಗೆ ಜಿಸಿಎಲ್ ಸಮ ಎಂದು ಡಿಸೈನ್ ವರದಿಯಲ್ಲಿತ್ತು. ಕೊಳ ಒಪ್ಪಿಸುವ ಮುಂಚೆ ಸಿಹಿನೀರು ತುಂಬಿಸಿ ಸೋರಿಕೆ ನೋಡಿದರು, ಮಟ್ಟ ನಿಂತಿತು. ಆಮೇಲೆ ತ್ಯಾಜ್ಯನೀರು ಬಿಟ್ಟರು, ಆಗಲೂ ದೊಡ್ಡ ಬದಲಾವಣೆ ಕಾಣಲಿಲ್ಲ. ಬೇಸಿಗೆಯಲ್ಲಿ ಕೆಸರು ತೆಗೆಯಲು ಕೊಳ ಬರಿದು ಮಾಡಿದಾಗ ತಳ ಬಿಸಿಲಿಗೆ ಒಣಗಿತು. ಮತ್ತೆ ತುಂಬಿಸಿದಾಗ ನೀರು ಇಳಿಯತೊಡಗಿತು.

ಆವಿಯಾಗುತ್ತಿದೆ ಅಂದರು ಕಂಟ್ರಾಕ್ಟರ್ ಕಡೆಯವರು. ದಡದಲ್ಲಿ ಅಗಲ ಬಾಯಿಯ ತೊಟ್ಟಿ ಇಟ್ಟು, ಅದೇ ನೀರು ತುಂಬಿಸಿ, ಎರಡರ ಮಟ್ಟವನ್ನೂ ಅಳೆಯುತ್ತಾ ಬಂದೆವು. ತೊಟ್ಟಿಯಲ್ಲಿ ದಿನಕ್ಕೆ ಐದಾರು ಮಿಲಿಮೀಟರ್ ಇಳಿದರೆ ಕೊಳದಲ್ಲಿ ಸುಮಾರು ಮೂರು ಸೆಂಟಿಮೀಟರ್ ಇಳಿಯುತ್ತಿತ್ತು. ಇಷ್ಟು ಸುಲಭದ ಅಳತೆಯನ್ನು ಪ್ರತಿ ಕೊಳದಲ್ಲೂ ಮಾಡಬೇಕು, ಅದೂ ನಿಜವಾದ ನೀರು ತುಂಬಿಸಿದ ಮೇಲೆ.

ಒಂದು ಮೂಲೆಯಲ್ಲಿ ಮಣ್ಣು ಸರಿಸಿ ಲೈನರ್‌ನ ತುಂಡು ಕತ್ತರಿಸಿ ತೆಗೆದೆವು. ಚೆನ್ನಾಗಿ ನೀರು ಹೀರಿದ ಸೋಡಿಯಂ ಬೆಂಟೋನೈಟ್ ಬೆರಳಿಗೆ ನುಣುಪಾಗಿ ಜಾರುತ್ತದೆ, ಹಿಂಡಿದರೂ ನೀರು ಬಿಡುವುದಿಲ್ಲ. ಇಲ್ಲಿ ಸಿಕ್ಕಿದ್ದು ಒದ್ದೆ ರವೆಯಂಥ ಪದಾರ್ಥ. ಕಾಳುಗಳು ಬಿಡಿಬಿಡಿ, ನಡುವೆ ಸಂದು. ಲ್ಯಾಬ್‌ನಲ್ಲಿ ಸ್ವೆಲ್ ಇಂಡೆಕ್ಸ್ ನೋಡಿದೆವು: ಎರಡು ಗ್ರಾಂ ಪುಡಿಯನ್ನು ನೂರು ಮಿಲಿಲೀಟರ್ ನೀರಿನ ಸಿಲಿಂಡರ್‌ಗೆ ಸ್ವಲ್ಪ ಸ್ವಲ್ಪವೇ ಉದುರಿಸಿ, ಉಬ್ಬಿ ತಳದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆಯುವ ಪರೀಕ್ಷೆ. ಒಳ್ಳೆಯ ಮಾಲು ಕನಿಷ್ಠ 24 ಮಿಲಿಲೀಟರ್ ಬರಬೇಕು. ಬಳಸದೆ ಉಳಿದಿದ್ದ ರೋಲ್‌ನ ಪುಡಿ ಅದನ್ನು ದಾಟಿತು. ಕೊಳದಿಂದ ತೆಗೆದದ್ದು ಎಂಟೊಂಬತ್ತಕ್ಕೆ ನಿಂತಿತು. ಎರಡು ಸಿಲಿಂಡರ್‌ಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಆ ಕೋಣೆಯಲ್ಲಿ ವಾದ ಮುಗಿಯಿತು.

ಆದದ್ದು ಇಷ್ಟು. ನೀರಿನ ಕ್ಯಾಲ್ಸಿಯಂ ಬೆಂಟೋನೈಟ್‌ನ ಸೋಡಿಯಂ ಅನ್ನು ಹೊರದಬ್ಬಿ ಆ ಜಾಗ ಹಿಡಿಯುತ್ತದೆ. ಕ್ಯಾಲ್ಸಿಯಂ ಬೆಂಟೋನೈಟ್ ಮೊದಲಿನಷ್ಟು ಉಬ್ಬುವುದಿಲ್ಲ. ಒದ್ದೆಯಾಗೇ ಇದ್ದರೆ ಈ ಹಾನಿ ನಿಧಾನಕ್ಕೆ ಕಾಣುತ್ತದೆ. ಒಮ್ಮೆ ಒಣಗಿ ಬಿರುಕು ಬಿಟ್ಟರೆ ಮತ್ತೆ ನೆನೆದಾಗ ಬಿರುಕು ಮುಚ್ಚಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ಲ್ಯಾಂಡ್‌ಫಿಲ್ ಮುಚ್ಚಿಗೆಗಳಿಂದ ಅಗೆದು ತೆಗೆದ ಜಿಸಿಎಲ್‌ಗಳಲ್ಲೂ ಇದೇ ಕಾರಣಕ್ಕೆ ಪರ್ಮಿಯಬಿಲಿಟಿ ಸಾವಿರಾರು ಪಟ್ಟು ಏರಿದ್ದು ದಾಖಲಾಗಿದೆ. ಹಾಗಾಗಿ ಕೊಳ ಆಗಾಗ ಬರಿದಾಗುವುದಿದ್ದರೆ ತೆಳ್ಳನೆಯ ಕವರ್ ಮಣ್ಣನ್ನು ನಂಬಿ ಕೂರಬೇಡಿ.

ಇನ್ನು ‘ಜೇಡಿಮಣ್ಣಿಗೆ ಸಮ’ ಎಂಬ ಮಾತು. ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಇದೇ, ಏಕೆಂದರೆ ಕಾಗದದ ಮೇಲೆ ಐದು ನಿಮಿಷದಲ್ಲಿ ಸಿಕ್ಕಿಬೀಳುವ ತಪ್ಪು. ಲ್ಯಾಂಡ್‌ಫಿಲ್ ತಳದಲ್ಲಿ ಲೀಚೇಟ್, ಅಂದರೆ ಕಸದಿಂದ ಇಳಿಯುವ ಕೊಳಕು ನೀರು, ಸಾಮಾನ್ಯವಾಗಿ 30 ಸೆಂಟಿಮೀಟರ್‌ಗಿಂತ ಹೆಚ್ಚು ನಿಲ್ಲದಂತೆ ಡಿಸೈನ್ ಮಾಡುತ್ತಾರೆ. ಎಂಟು ಮಿಲಿಮೀಟರ್ ದಪ್ಪ, ಸೆಕೆಂಡಿಗೆ 5 × 10⁻¹¹ ಮೀಟರ್ ಪರ್ಮಿಯಬಿಲಿಟಿ ಇರುವ ಜಿಸಿಎಲ್ ಮೂಲಕ ಆ ಹೆಡ್‌ಗೆ (ಮೇಲೆ ನಿಂತ ನೀರಿನ ಎತ್ತರಕ್ಕೆ) ಚದರ ಮೀಟರ್‌ಗೆ ದಿನಕ್ಕೆ ಸುಮಾರು 0.17 ಲೀಟರ್ ಇಳಿಯುತ್ತದೆ. ಸೆಕೆಂಡಿಗೆ 10⁻⁹ ಮೀಟರ್ ಪರ್ಮಿಯಬಿಲಿಟಿಯ ಅರವತ್ತು ಸೆಂಟಿಮೀಟರ್ ಜೇಡಿಮಣ್ಣಿನಲ್ಲಿ ಸುಮಾರು 0.13 ಲೀಟರ್. ಹೆಚ್ಚುಕಡಿಮೆ ಸಮ ಅನ್ನಬಹುದು. ಅದೇ ಎರಡು ಮೀಟರ್ ನೀರು ನಿಂತ ಕೊಳಕ್ಕೆ ಲೆಕ್ಕ ಹಾಕಿ: ಜೇಡಿಮಣ್ಣಿನಲ್ಲಿ 0.37, ಜಿಸಿಎಲ್‌ನಲ್ಲಿ 1.08 ಲೀಟರ್. ಸುಮಾರು ಮೂರು ಪಟ್ಟು. ಲೈನರ್ ತೆಳ್ಳಗಿದ್ದಷ್ಟೂ ಹೆಡ್ ಹೆಚ್ಚಿದಾಗ ಗ್ರೇಡಿಯೆಂಟ್ (ದಪ್ಪಕ್ಕೆ ಹೋಲಿಸಿದರೆ ನೀರನ್ನು ತಳ್ಳುವ ಹೆಡ್) ಕಡಿದಾಗಿ ಏರುತ್ತದೆ, ಅದಕ್ಕೇ ಈ ಅಂತರ. ಎಕರೆಗಟ್ಟಲೆ ಹರಡಿದ ಕೊಳದಲ್ಲಿ ಏನೂ ಕೆಡದೆ ಇದ್ದಾಗಲೇ ದಿನಾ ಇಷ್ಟು ಹೋಗುತ್ತದೆ. ನಮ್ಮಲ್ಲಿ ಇಳಿದ ಮಟ್ಟದಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಪರ್ಮಿಯಬಿಲಿಟಿ ಡೇಟಾಶೀಟ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಿತ್ತು. ಅಲ್ಲದೆ ಲ್ಯಾಂಡ್‌ಫಿಲ್‌ನಲ್ಲಿ ಕಸದ ರಾಶಿಯೇ ಮೇಲಿಂದ ಒತ್ತಿ ಬೆಂಟೋನೈಟನ್ನು ಬಿಗಿ ಮಾಡುತ್ತದೆ. ಕೊಳದಲ್ಲಿ ಆ ಒತ್ತಡ ಸಿಗುವುದಿಲ್ಲ.

ಇನ್ನೊಂದಷ್ಟು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಳೆಗೆ ಮುಂಚೆ ಎಷ್ಟು ರೋಲ್ ಮುಚ್ಚಬಹುದೋ ಅಷ್ಟನ್ನೇ ಆ ದಿನ ಬಿಚ್ಚಿಸಿ. ಮೇಲೆ ಭಾರವಿಲ್ಲದೆ ನೆನೆದು ಉಬ್ಬಿದ ಜಿಸಿಎಲ್ ಮೇಲೆ ಯಂತ್ರ ಓಡಿಸಿದರೆ ಬೆಂಟೋನೈಟ್ ಪಕ್ಕಕ್ಕೆ ಹಿಂಡಿಹೋಗುತ್ತದೆ. ಓವರ್‌ಲ್ಯಾಪ್ ಉದ್ದಕ್ಕೆ ಕನಿಷ್ಠ 150 ಮಿಲಿಮೀಟರ್, ರೋಲ್ ತುದಿಗಳಲ್ಲಿ ಇನ್ನೂ ಹೆಚ್ಚು, ನಡುವೆ ಪುಡಿ ಬೆಂಟೋನೈಟ್ ಉದುರಿಸಲೇಬೇಕು. ಮೇಲೆ ಜಿಯೋಮೆಂಬ್ರೇನ್ ಹಾಸಿ ಮಣ್ಣು ಹಾಕದೆ ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟರೆ ಕೆಳಗಿನ ಜಿಸಿಎಲ್ ಕುಗ್ಗಿ ಓವರ್‌ಲ್ಯಾಪ್ ತೆರೆದುಕೊಳ್ಳುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಇಳಿಜಾರಿನಲ್ಲಿ, ಎರಡು ಬಟ್ಟೆಗಳನ್ನೂ ಸೂಜಿಯಿಂದ ನಾರು ಹಾಯಿಸಿ ಬೆಸೆಯದ ಜಿಸಿಎಲ್ ಬೇಡವೇ ಬೇಡ, ನೆನೆದ ಬೆಂಟೋನೈಟ್‌ಗೆ ಜಾರದಂತೆ ತಡೆಯುವ ಬಲ ತೀರಾ ಕಮ್ಮಿ.

ಹಾಗಾದರೆ ಏನು ಕೇಳಬೇಕು? ನಿಮ್ಮದೇ ನೀರನ್ನು ಕ್ಯಾನ್‌ನಲ್ಲಿ ಲ್ಯಾಬ್‌ಗೆ ಕಳಿಸಿ ಎಎಸ್‌ಟಿಎಂ ಡಿ6766 ಪರೀಕ್ಷೆ, ಅಂದರೆ ಶುದ್ಧ ನೀರಿನ ಬದಲು ಸೈಟ್‌ನ ದ್ರವವನ್ನೇ ಹಾಯಿಸಿ ಜಿಸಿಎಲ್ ಪರ್ಮಿಯಬಿಲಿಟಿ ಅಳೆಯುವ ಪರೀಕ್ಷೆ, ಮಾಡಿಸಿ. ಮೊದಲು ನೆನೆಸುವುದಕ್ಕೂ ಸೈಟ್‌ನಲ್ಲಿ ಮೊದಲು ತಾಗುವ ನೀರೇ ಇರಲಿ. ಸಿಹಿನೀರಿನಲ್ಲಿ ನೆನೆಸಿ ಆಮೇಲೆ ತ್ಯಾಜ್ಯನೀರು ಹಾಯಿಸಿದರೆ ಫಲಿತಾಂಶ ಚೆಂದ ಬರುತ್ತದೆ, ನಿಜ ತಡವಾಗಿ ಹೊರಬರುತ್ತದೆ. ಒಳಹೋಗುವ ಮತ್ತು ಹೊರಬರುವ ನೀರಿನ ವಿದ್ಯುತ್ ವಾಹಕತೆ ಒಂದಾಗುವವರೆಗೆ ಪರೀಕ್ಷೆ ನಿಲ್ಲಿಸಕೂಡದು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಹಾಗಾಗಿ ಟೆಂಡರ್‌ಗಿಂತ ಮುಂಚೆ ಶುರು ಮಾಡಿ. ಪಾಲಿಮರ್ ಬೆರೆಸಿದ ಜಿಸಿಎಲ್ ತೋರಿಸಿ ಇದಕ್ಕೆ ತೊಂದರೆ ಇಲ್ಲ ಅಂದರೂ ಅದನ್ನೂ ಹೀಗೇ ಪರೀಕ್ಷಿಸಿ, ಕೆಲವು ಪಾಲಿಮರ್ ನೀರಿನ ಜೊತೆ ತೊಳೆದು ಹೋಗುತ್ತವೆ.

ನಾವು ಕೊನೆಗೆ ಹೊಸ ಜಿಸಿಎಲ್ ಮೇಲೆ ಎಚ್‌ಡಿಪಿಇ ಜಿಯೋಮೆಂಬ್ರೇನ್ ಹಾಸಿ, ಅದರ ಮೇಲೆ ದಪ್ಪನೆಯ ಮಣ್ಣು ಹಾಕಿಸಿದೆವು. ಶೀಟ್‌ನಲ್ಲಿ ತೂತು ಬಿದ್ದರೆ ಅಲ್ಲಿ ಮಾತ್ರ ಜಿಸಿಎಲ್‌ಗೆ ಕೆಲಸ. ಮೊದಲೇ ಇದನ್ನು ಮಾಡಿದ್ದರೆ ತಗಲುತ್ತಿದ್ದ ಖರ್ಚು, ಕಿತ್ತು ಮತ್ತೆ ಕಟ್ಟಿದ್ದರ ಮುಂದೆ ಏನೂ ಅಲ್ಲ. ಆದರೆ ಅಷ್ಟರಲ್ಲಿ ಕೆಳಗಿಳಿದ ನೀರನ್ನು ವಾಪಸ್ ತರಲಾಗಲಿಲ್ಲ. ಇಳಿಜಾರಿನ ಕಡೆಯ ನಿಗಾ ಬಾವಿಯಲ್ಲಿ ನೀರಿನ ಗಡಸುತನ, ಸಲ್ಫೇಟ್ ಎರಡೂ ಏರಿವೆ, ಮಾದರಿ ತೆಗೆಯುವ ಕೆಲಸ ಇನ್ನೂ ನಡೆದಿದೆ.