ಸವಾನ್ನಾದ ಬಿಟ್ಟಿ ದೋಣಿ: ಐದಕ್ಕೆ ನಾಲ್ಕೂವರೆ

ಗಂಗಾವತಿಯಲ್ಲಿ ಮೂವತ್ತು ವರ್ಷ ಅಕ್ಕಿ ವ್ಯಾಪಾರ ಮಾಡಿದವನು ನಾನು. ಅಟ್ಲಾಂಟಾದಲ್ಲಿರುವ ಮಗಳು ನಮ್ಮಿಬ್ಬರನ್ನು ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನ್ನಾಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ನದಿ ದಾಟಿಸಲು ‘ಸವಾನ್ನಾ ಬೆಲ್ಸ್’ ದೋಣಿಗಳಿವೆ. ಟಿಕೆಟ್ಟೇ ಇಲ್ಲ. ರಿವರ್ ಸ್ಟ್ರೀಟ್ ಕಡೆ ಹತ್ತಿದರೆ ಕೆಲವೇ ನಿಮಿಷದಲ್ಲಿ ಹಚಿನ್ಸನ್ ದ್ವೀಪ. ದೋಣಿ ಶುಚಿ, ಹತ್ತಿ ಇಳಿಯುವುದು ಸಲೀಸು. ನನ್ನ ಮಂಡಿಗೆ ಕಷ್ಟ ಕೊಟ್ಟಿದ್ದು ದಡಕ್ಕೆ ಇಳಿಯುವ ಕಲ್ಲಿನ ದಾರಿ. ಹಿಂದೆ ಖಾಲಿ ಹಡಗುಗಳು ಮಗುಚದಿರಲೆಂದು ತೂಕಕ್ಕೆ ಹೊತ್ತು ತಂದ ಕಲ್ಲುಗಳಂತೆ ಅವು. ಬರುವಾಗ ಕಲ್ಲು, ಹೋಗುವಾಗ ಅಕ್ಕಿ!

ಬೆಳಿಗ್ಗೆ ದುಡ್ಡು ಕೊಟ್ಟು ಹತ್ತಿದ್ದ ಟೂರ್ ಬಸ್ಸಿನ ಗೈಡ್ ಬರೀ ದೆವ್ವದ ಕಥೆ ಹೇಳಿದ. ಇಲ್ಲಿನ ಅಕ್ಕಿ ಜಗಳದ ಮಾತೇ ಎತ್ತಲಿಲ್ಲ. ಅದನ್ನು ಮಗಳು ದೋಣಿಯಲ್ಲಿ ಹೇಳಿದಳು.

1776ರ ಮಾರ್ಚ್. ಅಮೆರಿಕದವರು ಬ್ರಿಟಿಷರ ವಿರುದ್ಧ ದಂಗೆ ಎದ್ದಿದ್ದ ಕಾಲ. ಬಾಸ್ಟನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ ಬ್ರಿಟಿಷ್ ಸೈನ್ಯಕ್ಕೆ ಊಟಕ್ಕೆ ತತ್ವಾರ. ಇಲ್ಲಿ ಅಕ್ಕಿ ತುಂಬಿದ ಹಡಗುಗಳು ನಿಂತಿದ್ದವು. ದಂಗೆಕೋರರ ಕರ್ನಲ್ ಲಾಕ್ಲನ್ ಮ್ಯಾಕಿಂಟಾಷ್‌ನ ಜನ ಊರಿನ ಕಡೆ ಕಾವಲಿದ್ದರು. ಬ್ರಿಟಿಷರು ಎದುರಿಗೆ ಬರಲಿಲ್ಲ. ದ್ವೀಪದ ಹಿಂದಿನ ಕವಲಿನಿಂದ ಬಂದು, ರಾತ್ರಿ ದ್ವೀಪ ದಾಟಿ, 3ನೇ ತಾರೀಖು ನಸುಕಿನಲ್ಲಿ ಸದ್ದಿಲ್ಲದೆ ಹಡಗು ಹತ್ತಿಬಿಟ್ಟರು. ಊರಿನವರಿಗೆ ಗೊತ್ತಾದದ್ದು ಬೆಳಕು ಹರಿದ ಮೇಲೆ! ಆಮೇಲೆ ಊರಿನವರು ‘ಇನ್ವರ್ನೆಸ್’ ಎಂಬ ಹಡಗಿಗೆ ತಾವೇ ಬೆಂಕಿ ಹಚ್ಚಿ, ಹಗ್ಗ ಕಡಿದು ಬ್ರಿಟಿಷರಿದ್ದ ಹಡಗುಗಳ ಕಡೆ ತೇಲಿಬಿಟ್ಟರು. ಅದರಲ್ಲಿ ಇದ್ದದ್ದೂ ಅಕ್ಕಿ, ಜೊತೆಗೆ ಜಿಂಕೆ ಚರ್ಮ. ಓದುವಾಗಲೇ ಹೊಟ್ಟೆ ಉರಿಯುತ್ತೆ ಅಲ್ವಾ? ಅಷ್ಟಾದರೂ 1,600 ಪೀಪಾಯಿ ಅಕ್ಕಿ ಬ್ರಿಟಿಷರ ಪಾಲಾಯಿತು.

ಪೀಪಾಯಿಗೆ 500 ಪೌಂಡ್ ಹಿಡಿದು ಫೋನಿನಲ್ಲಿ ಲೆಕ್ಕ ಹಾಕಿದೆ. 3,600 ಕ್ವಿಂಟಲ್ ಮೇಲೆ. ನಮ್ಮ ಕಡೆಯ ಹದಿನಾಲ್ಕು ಲಾರಿ ಲೋಡು. “ಎಲ್ಲಿ ಹೋದ್ರೂ ನಿಮ್ದು ಅಕ್ಕಿ ಚೀಲದ ಚಿಂತೀನೇ” ಎಂದಳು ಹೆಂಡತಿ. ತಮಾಷೆಯೆಂದರೆ, ಎರಡೇ ವಾರದಲ್ಲಿ, ಮಾರ್ಚ್ 17ಕ್ಕೆ, ಆ ಸೈನ್ಯ ಬಾಸ್ಟನ್ನೇ ಬಿಟ್ಟು ಹೊರಟಿತು.

ಆ ಭತ್ತ ಬೆಳೆದವರು ಆಫ್ರಿಕಾದಿಂದ ಗುಲಾಮರಾಗಿ ತಂದ ಜನ. ನಾಟಿ ಮಾಡುವವರ ಬೆನ್ನು ನೋವು ನಾನು ಕಂಡಿದ್ದೇನೆ. ಇವರಿಗೆ ಕೂಲಿಯೂ ಇರಲಿಲ್ಲ. ನಾವು ಹತ್ತಿದ ದೋಣಿಗೆ ಸೂಸಿ ಕಿಂಗ್ ಟೇಲರ್ ಹೆಸರಿತ್ತು. ಗುಲಾಮರಾಗಿ ಹುಟ್ಟಿ, ಮುಂದೆ ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರಿಗೆ ಓದು ಕಲಿಸಿದ ಹೆಂಗಸು. ಹೆಸರು ಓದಿಕೊಂಡೇ ಹತ್ತಿ.

ಅರ್ಧ ಅಂಕ ಕಡಿಮೆ ಕೊಟ್ಟಿದ್ದು ಆಚೆ ದಡಕ್ಕೆ. ಕನ್ವೆನ್ಷನ್ ಸೆಂಟರ್, ಒಂದು ದೊಡ್ಡ ಹೋಟೆಲ್ ಬಿಟ್ಟರೆ ಸುತ್ತಾಡುವುದಕ್ಕೆ ಜಾಸ್ತಿ ಏನಿಲ್ಲ. ಸುಮ್ನೆ ಕೂತು ಊರಿನ ಕಡೆ ನೋಡಿ. ಕಂಟೇನರ್ ಹಡಗು ಬಂದರೆ ಎದುರಿನ ಕಟ್ಟಡಗಳೇ ಮರೆಯಾಗುತ್ತವೆ. ವಾಪಸ್ ಬಂದಮೇಲೆ ‘ರೆಡ್ ರೈಸ್’ ತಿನ್ನಿ. ನಮ್ಮ ಟೊಮೆಟೊ ಬಾತಿನ ದಾಯಾದಿ. ಸಾಮಾನ್ಯವಾಗಿ ಮಾಂಸ ಹಾಕಿರುತ್ತಾರೆ, ಸಸ್ಯಾಹಾರಿಗಳು ಕೇಳಿ ತೊಗೊಳ್ಳಿ. ನಮಗೆ ಸಿಕ್ಕಿದ್ದು ಸ್ವಲ್ಪ ಮುದ್ದೆಯಾಗಿತ್ತು, ಆದರೂ ತಟ್ಟೆ ಖಾಲಿ ಮಾಡಿದೆ.